ಪತ್ರ ಬರಹಗಾರರ ಕಂಪ್ಯೂಟರ್ ಲಿನಕ್ಸ್‌ಗೆ ಬಂದದ್ದು

ಮಂಡ್ಯದ ತಾಲ್ಲೂಕು ಕಚೇರಿ ಹತ್ತಿರ ನನ್ನ ಗ್ರಾಹಕರೊಬ್ಬರಿದ್ದಾರೆ, ಪತ್ರ ಬರಹಗಾರರು. ಕ್ರಯಪತ್ರ, ಭೋಗ್ಯಪತ್ರ, ಬಾಡಿಗೆ ಕರಾರು, ಅಫಿಡವಿಟ್, ದಿನವಿಡೀ ಇದೇ ಕೆಲಸ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್. ಬಂದವರೆಲ್ಲ ಪೆನ್‌ಡ್ರೈವ್ ಕೊಡುತ್ತಾರೆ. ತಿಂಗಳಿಗೊಮ್ಮೆ ವೈರಸ್ ಬಂದು ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿರುತ್ತಿದ್ದವು. ನನಗೆ ಫೋನ್ ಬರುತ್ತಿತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು. ಇವರದ್ದು ನಾಲ್ಕನೇ ತಲೆಮಾರಿನ ಐ3. "ಚೆನ್ನಾಗಿ ಓಡ್ತಿರೋ ಮೆಷಿನ್ ಬಿಸಾಕು ಅಂತೀಯೇನಪ್ಪ?" ಅಂದರು. ಬೇಡ ಸಾರ್, ಲಿನಕ್ಸ್ ಮಿಂಟ್ ಹಾಕೋಣ ಅಂದೆ. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಅದು.

ಮೈಸೂರಿನ ಸಂತೆಪೇಟೆಯ ಅಂಗಡಿಯೊಂದರಲ್ಲಿ ಹಿಂದೆ ನಾನು ಒಂದೇ ಭಾನುವಾರದಲ್ಲಿ ಎಲ್ಲ ಬದಲಾಯಿಸಿದ್ದೆ. ಸೋಮವಾರ ಬೆಳಿಗ್ಗೆ ಬಿಲ್ಲಿಂಗ್ ಹುಡುಗನಿಗೆ ಏನೂ ಗೊತ್ತಾಗಲಿಲ್ಲ, ಗಿರಾಕಿಗಳು ಕಾಯುತ್ತಾ ನಿಂತರು. ಆಮೇಲೆ ಹಾಗೆ ಮಾಡಿಲ್ಲ. ಈಗ ಮೊದಲ ಒಂದು ತಿಂಗಳು ವಿಂಡೋಸ್ ಮುಟ್ಟುವುದೇ ಇಲ್ಲ. ಅದರಲ್ಲೇ ಲಿನಕ್ಸ್‌ನಲ್ಲೂ ಸಿಗುವ ಲಿಬ್ರೆ ಆಫೀಸ್ (ಪತ್ರ ಬರೆಯಲು), ಫೈರ್‌ಫಾಕ್ಸ್ ಬ್ರೌಸರ್ ಹಾಕಿ ಕೊಡುತ್ತೇನೆ. ಕೈ ಕುದುರಿದ ಮೇಲೆ ಕೆಳಗಿನ ಆಪರೇಟಿಂಗ್ ಸಿಸ್ಟಮ್ ಬದಲಾದರೂ ಜನರಿಗೆ ಅಷ್ಟು ಕಷ್ಟವಾಗುವುದಿಲ್ಲ.

ಇಲ್ಲಿ ನಿಜವಾಗಿ ಕಷ್ಟ ಕೊಟ್ಟದ್ದು ಕನ್ನಡ. ಹನ್ನೊಂದು ವರ್ಷದ ಪತ್ರಗಳೆಲ್ಲ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಫಾಂಟಿನಲ್ಲಿದ್ದವು. ಆ ಫಾಂಟ್ ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟ್ ಫೈಲನ್ನು ಲಿನಕ್ಸ್‌ಗೆ ಹಾಕಿದರೆ ಹಳೆಯ ಪತ್ರ ಸರಿಯಾಗಿಯೇ ಕಾಣುತ್ತದೆ. ತಿದ್ದಲು ಹೋದಾಗ ಕಷ್ಟ. ಹಾಗಾಗಿ ಎಲ್ಲವನ್ನೂ ಯುನಿಕೋಡ್‌ಗೆ ತಿರುಗಿಸಿಬಿಡೋಣ ಅಂತ ಪರಿವರ್ತಕಕ್ಕೆ ಹಾಕಿದೆ. ಮಾರನೇ ದಿನ ಟೈಪ್ ಮಾಡುವ ಅಕ್ಕ ಒಂದು ಕ್ರಯಪತ್ರ ತೋರಿಸಿದರು. "ಸಾರ್, ಪ್ಯಾನ್ ನಂಬರ್ ನೋಡಿ." ಅದರಲ್ಲಿದ್ದ ಇಂಗ್ಲಿಷ್ ಅಕ್ಷರಗಳೂ ಕನ್ನಡವಾಗಿದ್ದವು! ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ನುಡಿ ಅಂತ ತಿಳಿಯುವುದಿಲ್ಲ. ಅಕ್ಕ ಗಮನಿಸದೆ ಅದು ನೋಂದಣಿಗೆ ಹೋಗಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅಂದೇ ದಾರಿ ಬದಲಿಸಿದೆವು. ಹಳೆಯ ಪತ್ರಗಳನ್ನು ತಿರುಗಿಸುವುದು ಬೇಡ, ಪಿಡಿಎಫ್ ಮಾಡಿ ಹಾಗೇ ಇಡುವುದು. ಯುನಿಕೋಡ್‌ಗೆ ತಂದದ್ದು ಖಾಲಿ ಮಾದರಿಗಳನ್ನು ಮಾತ್ರ, ಸುಮಾರು ಮೂವತ್ತು. ಒಂದೊಂದನ್ನೂ ಅಕ್ಕ ಮತ್ತು ನಾನು ಜೋರಾಗಿ ಓದಿ ನೋಡಿದೆವು. ಎರಡು ಪುಟದ ಬಾಡಿಗೆ ಕರಾರು ಹೊಸ ಫಾಂಟಿನಲ್ಲಿ ಮೂರನೇ ಪುಟಕ್ಕೆ ಇಳಿಯುತ್ತಿತ್ತು. ಆ ಹೊಸ ಫಾಂಟ್ ನೋಟೊವನ್ನು ಬಿಟ್ಟು ಗುಬ್ಬಿ ಫಾಂಟ್ ಹಾಕಿ, ಸಾಲಿನ ಅಂತರವನ್ನು ಒಂದೇ ಅಳತೆಗೆ ಕಟ್ಟಿದ ಮೇಲೆ ಸರಿಹೋಯಿತು.

ಟೈಪಿಂಗ್ ಬಗ್ಗೆ ಅಕ್ಕನಿಗೆ ಜಾಸ್ತಿ ಭಯವಿತ್ತು. ಅವರು ಕೀಬೋರ್ಡ್ ನೋಡದೆ ಹೊಡೆಯುವವರು. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡ್ ವಿನ್ಯಾಸ. ಅದೇ ಕಗಪ ಹೆಸರಿನಲ್ಲಿ ಲಿನಕ್ಸ್‌ನ ಐಬಸ್ ಎಂಬ ಟೈಪಿಂಗ್ ಸಾಧನದಲ್ಲೂ ಸಿಗುತ್ತದೆ. ಒತ್ತಕ್ಷರಕ್ಕೆ ಇಲ್ಲೂ ಅದೇ ಎಫ್ ಕೀ. ಅಕ್ಕ ಒಂದು ಪೂರ್ತಿ ಪ್ಯಾರಾ ಹೊಡೆದು, "ಅಯ್ಯೋ, ಇದು ನಮ್ದೇ ಅಲ್ವಾ!" ಅಂದರು. ನನಗೆ ಆಗಲೇ ಧೈರ್ಯ ಬಂದದ್ದು.

ಪ್ರಿಂಟರ್‌ಗೆ ಡ್ರೈವರ್ ಸಿಗಲಿಲ್ಲ. ಎರಡು ದಿನ ಒದ್ದಾಡಿ, ಕೊನೆಗೆ ಲಿನಕ್ಸ್ ಗುರುತಿಸುವ ಹಳೆಯ ಎಚ್‌ಪಿ ಲೇಸರ್ ಒಂದನ್ನು ಹುಡುಕಿ ತಂದೆ. ಈಗ ಯಾರೇ ಕರೆದರೂ ಕಂಪ್ಯೂಟರ್‌ಗೆ ಏನೂ ಹಾಕದೆ, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ, ಒಂದು ಪುಟ ಪ್ರಿಂಟ್ ತೆಗೆದು ನೋಡಿಯೇ ಖರ್ಚು ಹೇಳುತ್ತೇನೆ.

ಎಲ್ಲರಿಗೂ ಎಲ್ಲವನ್ನೂ ಬದಲಾಯಿಸಲು ಹೋಗಬಾರದು. ಬೆಲ್ಲದ ಮಂಡಿಯೊಂದರಲ್ಲಿ ಮೂರು ಕಂಪ್ಯೂಟರ್‌ಗಳಲ್ಲಿ ಎರಡನ್ನು ಮಾತ್ರ ಮಿಂಟ್‌ಗೆ ತಂದೆ. ಆಡಿಟರ್‌ಗೆ ಲೆಕ್ಕ ಬರೆಯುವ ಟ್ಯಾಲಿ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು. ಅದೊಂದಕ್ಕೆ ಲೈಸೆನ್ಸ್ ಇರುವ ವಿಂಡೋಸ್ ಹಾಕಿಸಿದೆ. ಜಿಎಸ್‌ಟಿ ಕೆಲಸ ಬ್ರೌಸರ್‌ನಲ್ಲೇ ನಡೆಯುತ್ತದೆ, ಒಬ್ಬರೇ ಮಾಲೀಕರಾದ್ದರಿಂದ ಸಹಿಯ ಬದಲು ಫೋನಿಗೆ ಬರುವ ಓಟಿಪಿ ಸಾಕು. ಮದುವೆ ಕಾರ್ಡ್ ಮಾಡುವ ಪ್ರೆಸ್‌ನವರು ಕೇಳಿದಾಗ ಬೇಡ ಅಂದೆ. ಅವರ ಇಪ್ಪತ್ತು ವರ್ಷದ ಕೆಲಸ ಲಿನಕ್ಸ್‌ನಲ್ಲಿ ಓಡದ ಕೋರೆಲ್ ಡ್ರಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿದೆ.

"ಫ್ರೀ ಸಾಫ್ಟ್‌ವೇರ್ ಅಂದ್ಮೇಲೆ ನಿನಗ್ಯಾಕಪ್ಪ ದುಡ್ಡು?" ಅಂತ ಪತ್ರ ಬರಹಗಾರರು ಕೇಳಿದ್ದರು. ಸಾಫ್ಟ್‌ವೇರ್‌ಗೆ ದುಡ್ಡಿಲ್ಲ ಸಾರ್, ನಾನು ಕೂತು ಮಾಡುವ ಕೆಲಸಕ್ಕೆ ಅಂತ ಬಿಡಿಸಿ ಹೇಳಿ, ಗಂಟೆ ಲೆಕ್ಕ ಬರೆದು ಕೊಟ್ಟೆ. ಒಪ್ಪಿದರು.

ಮೊದಲು ಫೈಲಿನ ಹೆಸರುಗಳೆಲ್ಲ ಇಂಗ್ಲಿಷ್‌ನಲ್ಲಿರುತ್ತಿದ್ದವು. ಭೋಗ್ಯ ಅನ್ನುವುದನ್ನೇ ನಾಲ್ಕು ಥರ ಬರೆದಿದ್ದರು. ಈಗ ಅಕ್ಕ ಕನ್ನಡದಲ್ಲೇ ಹೆಸರಿಡುತ್ತಾರೆ: ಊರು, ಪತ್ರದ ಬಗೆ, ಪಾರ್ಟಿ ಹೆಸರು. ಹೋದ ವಾರ ನಾನು ಅಲ್ಲೇ ಕೂತಿದ್ದೆ. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಆರು ತಿಂಗಳ ಹಿಂದಿನ ಕರಾರಿನ ಪ್ರತಿ ಕೇಳಿದರು. ಅಕ್ಕ ಅಜ್ಜಿಯ ಹೆಸರು ಹೊಡೆದರು. ಅವರು ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುವಷ್ಟರಲ್ಲಿ ಕಾಗದ ಪ್ರಿಂಟರ್‌ನಿಂದ ಹೊರಗೆ ಬಂದಿತ್ತು.