ಹಳೆಯ ಊದುಗಾಜಿಗೆ ನಾನು ಬೆಲೆ ಕಟ್ಟುವ ಬಗೆ

ಬೆಳಗಾವಿಯ ಶಹಾಪುರ, ಕ್ಯಾಂಪ್ ಭಾಗಗಳಿಂದಲೂ ನಿಪ್ಪಾಣಿ, ಜಮಖಂಡಿ ಕಡೆಯ ಹಳೆಯ ವಾಡೆಗಳಿಂದಲೂ ನನ್ನಲ್ಲಿಗೆ ಹೂದಾನಿ, ಅತ್ತರಿನ ಶೀಶೆ, ತೂಗುಹಂಡಿಗಳು (ಚಾವಣಿಯಿಂದ ತೂಗುಹಾಕುವ ಗಾಜಿನ ದೀಪಗಳು) ಬರುತ್ತವೆ. ತಂದವರಲ್ಲಿ ಹೆಚ್ಚಿನವರು ಮೊದಲೇ "ಇದು ಬೆಲ್ಜಿಯಂ ಗಾಜು" ಎಂದು ಹೇಳಿಬಿಡುತ್ತಾರೆ. ತಯಾರಕರ ಹೆಸರನ್ನು ನಾನು ಕೊನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳುತ್ತೇನೆ. ವಸ್ತುವನ್ನು ಹೇಗೆ ಮಾಡಿದ್ದಾರೆ ಎಂಬುದು ತಿಳಿಯದೆ ಯಾರು ಮಾಡಿದರು ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಮೊದಲು ಮಗುಚಿ ತಳ ನೋಡುತ್ತೇನೆ. ಊದುಗೊಳವೆಯಿಂದ ಉಬ್ಬಿಸಿದ ಗಾಜಿಗೆ ಬಾಯಿ ರೂಪಿಸುವಾಗ ಕುಶಲಕರ್ಮಿಯು ತಳಕ್ಕೆ ಪಾಂಟಿಲ್ ಎಂಬ ಕಬ್ಬಿಣದ ಸರಳನ್ನು ಅಂಟಿಸಿ ಹಿಡಿದುಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಅದನ್ನು ಮುರಿದು ಬಿಡಿಸಿದಲ್ಲಿ ಒರಟಾದ ಕಲೆ ಉಳಿಯುತ್ತದೆ, ಉತ್ತಮ ಕೆಲಸದಲ್ಲಿ ಅದನ್ನು ಉಜ್ಜಿ ನುಣುಪಾದ ತಗ್ಗನ್ನಾಗಿ ಮಾಡಿರುತ್ತಾರೆ. ಇದು ಕೈಕೆಲಸಕ್ಕೆ ಸಾಕ್ಷಿಯೇ ಹೊರತು ವಯಸ್ಸಿಗಲ್ಲ, ಏಕೆಂದರೆ ಗಾಜಿನ ಕೆಲಸಕ್ಕೆ ಹೆಸರಾದ ಇಟಲಿಯ ಮುರಾನೊದಲ್ಲಿ ಇಂದಿಗೂ ಹೀಗೆಯೇ ಊದುತ್ತಾರೆ. ಮೈಮೇಲೆ ಅಚ್ಚಿನ ಜೋಡಣೆಯ ಗೆರೆಯಿದ್ದರೆ ಒಳಗೆ ಬೆರಳಾಡಿಸುತ್ತೇನೆ: ಹೊರಗಿನ ಉಬ್ಬುತಗ್ಗು ಒಳಗೂ ತಿಳಿದರೆ ಅಚ್ಚಿನೊಳಗೆ ಊದಿದ್ದು, ಒಳಮೈ ನುಣುಪಾಗಿದ್ದರೆ ಒತ್ತಿ ಮಾಡಿದ್ದು. ಗುಳ್ಳೆಗಳನ್ನು ಪುರಾವೆಯೆಂದು ತೋರಿಸುವವರ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವನ್ನು ಬೇಕೆಂದೇ ಮೂಡಿಸಬಹುದು.

ವಯಸ್ಸಿಗೆ ಸವಕಳಿಯನ್ನು ನೋಡಬೇಕು. ಹತ್ತುಪಟ್ಟಿನ ಭೂತಕನ್ನಡಿಯಲ್ಲಿ, ಮೇಜಿಗೆ ನಿಜವಾಗಿ ತಾಗುವ ಅಂಚಿನಲ್ಲಿ ಮಾತ್ರ, ದಿಕ್ಕುದಿಕ್ಕಿಗೆ ಹರಡಿದ ಸಣ್ಣ ಗೀರುಗಳು ಕಂಡರೆ ಅದು ಬಳಕೆಯ ಸವಕಳಿ. ಒಂದೇ ದಿಕ್ಕಿನಲ್ಲಿ ಸಾಲುಸಾಲಾಗಿ ಓಡುವ ಗೀರುಗಳು ಉಪ್ಪುಕಾಗದದ ಕೆಲಸ. ತೂಗುಹಂಡಿಗೆ ಈ ಪರೀಕ್ಷೆ ಒಗ್ಗುವುದಿಲ್ಲ, ಅದು ನೆಲಕ್ಕೆ ತಾಗುವುದೇ ಇಲ್ಲ. ಅಲ್ಲಿ ಸರಪಳಿ, ಕೊಕ್ಕೆ ಹಾಗೂ ಲೋಹದ ಪಟ್ಟಿ ಕಂಠಕ್ಕೆ ಉಜ್ಜಿದ ಗುರುತನ್ನು ಹುಡುಕುತ್ತೇನೆ. ಬಣ್ಣದ ಹಂಡಿಯಾದರೆ ಅಂಚಿನ ದಪ್ಪದಲ್ಲಿ ಬಣ್ಣ ಗಾಜಿನ ಪದರವಾಗಿದೆಯೋ ಮೇಲೆ ಸಿಂಪಡಿಸಿದ್ದೋ ಎಂದು ನೋಡಿ, ಸಂದೇಹ ಬಂದರೆ ಕಾಣದ ಜಾಗದಲ್ಲಿ, ಬಣ್ಣ ಕರಗಿಸುವ ಅಸಿಟೋನ್ ಹಚ್ಚಿದ ಹತ್ತಿಯಿಂದ ಒಮ್ಮೆ ಒರೆಸುತ್ತೇನೆ. ಚಿನ್ನದ ಚಿತ್ತಾರವಿರುವ ಕಡೆ ಇದನ್ನು ಮಾಡಲೇಬಾರದು. ಕುಲುಮೆಯಲ್ಲಿ ಸುಡದೆ ಬರೆದ ಹಳೆಯ ಚಿತ್ತಾರವೂ ಅಳಿಸಿಹೋಗುತ್ತದೆ.

ಸ್ಫಟಿಕಗಾಜು, ಅಂದರೆ ಸೀಸ ಬೆರೆತ ಗಾಜು ಎಂದು ತಂದುದನ್ನು ನಾನು ತೂಗುತ್ತೇನೆ. ಈ ವಿಧಾನಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ವಸ್ತುವಿನ ತೂಕ ಬರೆದುಕೊಂಡು, ಬಳಿಕ ತಕ್ಕಡಿಯ ಮೇಲೆ ನೀರಿನ ಪಾತ್ರೆಯನ್ನಿಟ್ಟು ಸೊನ್ನೆಗೆ ತಂದು, ವಸ್ತುವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ, ಒಳಗೆ ಗಾಳಿ ಉಳಿಯದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಗಾಜಿನ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. 620 ಗ್ರಾಂ ತೂಕದ ಹೂದಾನಿ ಮುಳುಗಿದಾಗ ತಕ್ಕಡಿ 210 ತೋರಿಸಿದರೆ, ತೂಕವನ್ನು ಗಾತ್ರದಿಂದ ಭಾಗಿಸಿದಾಗ ಬರುವ ಸಾಂದ್ರತೆ ಸುಮಾರು 2.95. ಸಾಮಾನ್ಯ ಸೋಡಾ ಗಾಜಿನದು ಸುಮಾರು 2.5, ಶೇ. 24ರಷ್ಟು ಸೀಸದ ಆಕ್ಸೈಡ್ ಇರುವ ಗಾಜಿಗೆ ಯುರೋಪಿನ 1969ರ ನಿಯಮ ಹೇಳುವ ಕನಿಷ್ಠ ಸಾಂದ್ರತೆ 2.90. ಬೆರಳಿನಿಂದ ತಟ್ಟಿ ನಾದ ಕೇಳುವುದಕ್ಕಿಂತ ಇದು ಎಷ್ಟೋ ನಂಬಿಕೆಯ ದಾರಿ.

ಇಷ್ಟಾದ ಮೇಲೆ ಗುರುತು, ಸಹಿಗಳ ಸರದಿ. ಚೆಕೊಸ್ಲೊವಾಕಿಯಾ ಎಂಬ ಮುದ್ರೆಯಿದ್ದರೆ ವಸ್ತು 1918ಕ್ಕಿಂತ ಹಿಂದಿನದಾಗಲಾರದು. ಫ್ರಾನ್ಸಿನ ಗಾಜಿನ ಕಲಾವಿದ ಎಮಿಲ್ ಗಾಲೆ ತೀರಿಕೊಂಡದ್ದು 1904ರಲ್ಲಿ. ಆ ಹೆಸರಿನ ಜೊತೆ ನಕ್ಷತ್ರವಿದ್ದರೆ ಅದು ಅವರ ಮರಣಾನಂತರದ ಕೆಲಸ. ಆದರೆ ಸಹಿಯನ್ನು ಆಮೇಲೆ ಕೆತ್ತುವುದು ಸುಲಭವಾದ್ದರಿಂದ ಸಹಿ ಮತ್ತು ಕೆಲಸ ಒಂದಕ್ಕೊಂದು ಹೊಂದದಿದ್ದರೆ ನಾನು ಕೆಲಸವನ್ನೇ ನಂಬುತ್ತೇನೆ. ನಮ್ಮ ದೇಶದ ಗಾಜನ್ನೂ ಮರೆಯಬಾರದು: ತಳೇಗಾಂವದ ಪೈಸಾ ಫಂಡ್ ಕಾರ್ಖಾನೆ, ಕರಾಡದ ಬಳಿಯ ಓಗಲೆವಾಡಿಯಲ್ಲಿ 1916ರಲ್ಲಿ ಆರಂಭವಾಗಿ ಪ್ರಭಾಕರ ಕಂದೀಲಿನಿಂದ ಹೆಸರಾದ ಓಗಲೆ ಕಾರ್ಖಾನೆ, ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್. ಜೈನ್ ಕಾರ್ಖಾನೆಯ, ಕಾಮನಬಿಲ್ಲಿನ ಹೊಳಪಿನ ಲೋಟ-ಹೂದಾನಿಗಳು ಅಚ್ಚಿನವೇ ಆದರೂ ಅವನ್ನು ಅರಸಿಕೊಂಡು ಬರುವ ಸಂಗ್ರಾಹಕರು ವಿದೇಶಗಳಲ್ಲಿದ್ದಾರೆ. ಇಲ್ಲಿ ಅವು ಗುಜರಿಗೆ ಹೋಗುವುದನ್ನು ನೋಡಿದರೆ ಬೇಸರವಾಗುತ್ತದೆ.

ಬೆಲೆಗೆ, ಮಾರುವವರು ಕೇಳುವ ದರವನ್ನಲ್ಲ, ಹರಾಜಿನಲ್ಲಿ ನಿಜವಾಗಿ ಕೈಬದಲಾದ ಮೊತ್ತವನ್ನು ಆಧಾರವಾಗಿಟ್ಟುಕೊಳ್ಳುತ್ತೇನೆ. ಬಾಯಿ ಒಡೆದಾಗ ಅಂಚನ್ನು ಅರೆದು ಗಿಡ್ಡ ಮಾಡಿದ ಹೂದಾನಿಯ ಅಳತೆ ತಪ್ಪಿರುತ್ತದೆ, ಅದಕ್ಕೆ ಬೆಲೆ ಬಹಳ ಇಳಿಯುತ್ತದೆ. ಜೋಡಿ ಹಂಡಿಗಳು ಮೂಲ ಹಿತ್ತಾಳೆ ಸಮೇತ ಸಿಕ್ಕರೆ ಏರುತ್ತದೆ. ಇನ್ನೊಂದು ವಿಚಾರವನ್ನು ಮನೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕರಕುಶಲ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿಯೂ ಬೇಕು. ಹಾಗಾಗಿ ಅಂತಹ ಹಂಡಿಗೆ ಲಂಡನ್ನಿನ ಹರಾಜಿನಲ್ಲಿ ಎಷ್ಟೇ ಸಿಕ್ಕಿರಲಿ, ನಾನು ಚೀಟಿಯಲ್ಲಿ ಬರೆಯುವುದು ಪುಣೆ, ಮುಂಬಯಿಯ ಕೊಳ್ಳುವವರು ಕೊಡಬಹುದಾದ ಬೆಲೆಯನ್ನೇ.