ಪೋಲೆಂಡಿನ ಮಿಲ್ಕ್ ಬಾರ್‌ಗೆ ಹೋಗುವ ಸಸ್ಯಾಹಾರಿಗಳಿಗೆ
ವಾರ್ಸಾದಲ್ಲಿ 1954ರಲ್ಲಿ ಶುರುವಾದ ಬಾರ್ ಪ್ರಾಸೋವಿಯಂತಹ ಅಗ್ಗದ ಊಟದ ಕ್ಯಾಂಟೀನುಗಳಾದ ಹಳೆಯ ಮಿಲ್ಕ್ ಬಾರ್‌ಗಳಲ್ಲಿ ‘ಪಿಯೆರೋಗಿ ರುಸ್ಕಿಯೆ’ ಎಂಬ ಕಡುಬು ಕೇಳುವಾಗ, ಹಣ ಕೊಡುವ ಕೌಂಟರ್‌ನಲ್ಲೇ ‘ಬೆಸ್ ಸ್ಕ್ಫಾರೆಕ್’ ಎಂದುಬಿಡಿ. ಹಂದಿಕೊಬ್ಬಿನ ಚೂರು ಬೇಡ ಎಂದರ್ಥ. ಹೂರಣದಲ್ಲಿರುವುದು ಆಲೂಗಡ್ಡೆ, ಈರುಳ್ಳಿ, ಪನೀರ್‌ನಂತಹ ತುಸು ಹುಳಿಯಾದ ಚೀಸ್. ತೊಂದರೆ ಇರುವುದು ಮೇಲೆ: ಬಿಸಿಬಿಸಿ ಕಡುಬಿನ ಮೇಲೆ ಕರಿದ ಕೊಬ್ಬಿನ ಚೂರುಗಳನ್ನು ಜಿಡ್ಡಿನ ಸಮೇತ ಸುರಿದು ಕೊಡುವುದುಂಟು. ಹಣ ಕೊಟ್ಟು ಪಡೆದ ಚೀಟಿ ಅಡುಗೆಮನೆಯ ಕಿಟಕಿ ಸೇರಿದ ಮೇಲೆ ಹೇಳಿದರೆ ತಡವಾಗುತ್ತದೆ. ಬೇಯಿಸಿದ್ದನ್ನೇ ಕೇಳಿ, ಬಾಣಲೆಯಲ್ಲಿ ಹುರಿದದ್ದು ಬೇಡ. ಸೂಪಿಗೆ ಈ ಉಪಾಯ ನಡೆಯದು. ಝುರೆಕ್ ಎಂಬ ಹುಳಿ ಸೂಪು ಸಾಮಾನ್ಯವಾಗಿ ಮಾಂಸದ ರಸದಲ್ಲೇ ಕುದ್ದಿರುತ್ತದೆ. ಹೂರಣದ ಈರುಳ್ಳಿಯನ್ನೂ ಕೆಲವೆಡೆ ಹಂದಿಕೊಬ್ಬಿನಲ್ಲಿ ಹುರಿಯುತ್ತಾರೆ, ಆದ್ದರಿಂದ ತೀರಾ ಕಟ್ಟುನಿಟ್ಟಿನವರು ಹಣ್ಣಿನ ಹೂರಣದ ಪಿಯೆರೋಗಿಯನ್ನೇ ಆರಿಸಿಕೊಳ್ಳಿ. ಕೆನೆ ಹಾಕಿ ಕೊಟ್ಟರೆ ಅದರ ರುಚಿಯೂ ಬಹಳ ಚೆನ್ನಾಗಿರುತ್ತದೆ.