ಬೆರಳ ಗುರುತೂ ಸಿಗ್ನಲ್ಲೇ

ಕೈಯಲ್ಲಿ ಹಿಡಿದು ಓಡಾಡುವಂಥ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ನನಗೊಂದು ಡಿಟೆಕ್ಟರ್ ಬೇಕಿತ್ತು. ಬೆರೆತ ಆವಿಗಳನ್ನು ಕಾಲಮ್ ಎಂಬ ಸಣ್ಣ ಕೊಳವೆಯಲ್ಲಿ ಹಾಯಿಸಿ ಒಂದೊಂದಾಗಿ ಬೇರ್ಪಡಿಸುವ ಯಂತ್ರ ಅದು; ಹೊರಬರುವ ಆವಿಯನ್ನು ಪತ್ತೆ ಹಚ್ಚುವುದು ಡಿಟೆಕ್ಟರ್ ಕೆಲಸ. ಬೆಂಜೀನ್, ಟಾಲೂಯಿನ್ ಥರದ ಆವಿಗಳನ್ನು ಹಿಡಿಯಬೇಕು, ಬ್ಯಾಟರಿಯಲ್ಲೇ ಓಡಬೇಕು. ಲ್ಯಾಬ್‌ನಲ್ಲಿರುವ ಜ್ವಾಲೆಯ ಡಿಟೆಕ್ಟರ್‌ಗೆ ಹೈಡ್ರೋಜನ್ ಬೇಕು, ಹಾಗಾಗಿ ಅದು ಮೊದಲ ದಿನವೇ ಪಟ್ಟಿಯಿಂದ ಹೊರಗೆ. ಮೆಟಲ್ ಆಕ್ಸೈಡ್ ಸೆನ್ಸರ್ ಅಗ್ಗ, ಆದರೆ ಅದರ ಹೀಟರ್ ಸದಾ ಕಾದಿರಬೇಕು, ಮೇಲಾಗಿ ಗಾಳಿಯ ತೇವಕ್ಕೂ ಅದು ಕುಣಿಯುತ್ತದೆ. ಕೊನೆಗೆ ಉಳಿದದ್ದು ಪಿಐಡಿ, ಅಂದರೆ ಬೆಳಕಿನಿಂದ ಅಣುವಿನ ಎಲೆಕ್ಟ್ರಾನ್ ಕೀಳುವ ಡಿಟೆಕ್ಟರ್.

ಇದರ ಲೆಕ್ಕ ನನಗೆ ತುಂಬಾ ಇಷ್ಟ. ಕ್ರಿಪ್ಟಾನ್ ದೀಪದ ಬೆಳಕಿಗೆ 10.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಬೆಂಜೀನ್‌ಗೆ 9.24 ಸಾಕು. ಆಮ್ಲಜನಕಕ್ಕೆ 12.07 ಬೇಕು, ನೀರಾವಿಗೆ 12.6, ಸಾರಜನಕಕ್ಕೆ 15.6. ಅಂದರೆ ಗಾಳಿ ಈ ದೀಪದ ಕೈಗೆ ಸಿಗುವುದೇ ಇಲ್ಲ. ಹಾಗಾಗಿ ಇದ್ದಿಲಿನಲ್ಲಿ ಸೋಸಿದ ಗಾಳಿಯನ್ನೇ ಕ್ಯಾರಿಯರ್, ಅಂದರೆ ಆವಿಯನ್ನು ಕಾಲಮ್‌ನಲ್ಲಿ ಹೊತ್ತೊಯ್ಯುವ ಅನಿಲ, ಮಾಡಿಕೊಂಡೆ. ಸಿಲಿಂಡರ್ ಗೋಳು ತಪ್ಪಿತು.

ಮೊದಲ ಸೆಲ್, ಅಂದರೆ ಆವಿಗೆ ದೀಪದ ಬೆಳಕು ಬೀಳುವ ಪುಟ್ಟ ಕೋಣೆ, ಕೆಟ್ಟದಾಗಿತ್ತು. ಒಳಗೆ 200 ಮೈಕ್ರೋಲೀಟರ್ ಜಾಗ. ಹರಿವು ನಿಮಿಷಕ್ಕೆ 1 ಮಿಲಿಲೀಟರ್, ಅಂದರೆ ಸೆಕೆಂಡಿಗೆ ಸುಮಾರು 17 ಮೈಕ್ರೋಲೀಟರ್. ಸೆಲ್ ಖಾಲಿಯಾಗಲು 12 ಸೆಕೆಂಡು! ಕಾಲಮ್‌ನಿಂದ ಬರುವ ಪೀಕ್, ಅಂದರೆ ಒಂದು ಆವಿ ಹಾದುಹೋಗುವಾಗ ಏರಿ ಇಳಿಯುವ ಸಿಗ್ನಲ್, ಇರುವುದೇ ಎರಡು ಸೆಕೆಂಡು. ಎರಡು ಪೀಕ್ ಸೇರಿ ಒಂದು ಗುಡ್ಡವಾಗಿ ಕಾಣುತ್ತಿತ್ತು. ನಾನೋ, ಸುಮ್ನೆ ಕಾಲಮ್ ಮೇಲೆ ಅನುಮಾನ ಪಡುತ್ತಾ ಒಂದು ವಾರ ಕಳೆದೆ. ಆಮೇಲೆ ಅರ್ಧ ಮಿಲಿಮೀಟರ್ ದಪ್ಪದ ಟೆಫ್ಲಾನ್ ಗ್ಯಾಸ್ಕೆಟ್‌ನಲ್ಲಿ 6 ಮಿಲಿಮೀಟರ್ ತೂತು ಕೊರೆದೆ. ಅದೇ ಹೊಸ ಸೆಲ್, 14 ಮೈಕ್ರೋಲೀಟರ್. ಸಿಗ್ನಲ್ ಸ್ವಲ್ಪ ಇಳಿಯಿತು, ಆದರೆ ಗುಡ್ಡ ಒಡೆದು ಎರಡು ಚೂಪಾದ ಪೀಕ್ ಆಯಿತು.

ಸಿಗ್ನಲ್ ಇಳಿದ ಮೇಲೆ ನಿಜವಾದ ತಲೆನೋವು ಶುರು. ಕಿತ್ತ ಎಲೆಕ್ಟ್ರಾನ್‌ಗಳಿಂದ ಬರುವ ಕರೆಂಟ್ ಪೈಕೋಆಂಪ್ ಲೆಕ್ಕದಲ್ಲಿ, ಅಂದರೆ ಆಂಪಿಯರ್‌ನ ಲಕ್ಷ ಕೋಟಿಯಲ್ಲೊಂದು ಭಾಗ. ಒಂದು ಗಿಗಾ ಓಮ್ ರೆಸಿಸ್ಟರ್ ಹಾಕಿದರೆ ಒಂದು ಪೈಕೋಆಂಪ್‌ಗೆ ಒಂದು ಮಿಲಿವೋಲ್ಟ್ ಸಿಗುತ್ತದೆ. ಒಂದು ದಿನ ಬೋರ್ಡ್ ಅನ್ನು ಬೆರಳಿನಿಂದ ಸರಿಸಿದೆ, ಅಷ್ಟೇ. ಬೇಸ್‌ಲೈನ್, ಅಂದರೆ ಆವಿ ಇಲ್ಲದಾಗಿನ ಸಿಗ್ನಲ್ ಮಟ್ಟ, ಏರಿತು, ಇಳಿಯಲೇ ಇಲ್ಲ. ಎಲೆಕ್ಟ್ರೋಡ್‌ಗೆ 150 ವೋಲ್ಟ್ ಕೊಟ್ಟಿದ್ದೆ. ಬೆರಳಿನ ಜಿಡ್ಡಿನ ದಾರಿ ಒಂದು ಟೆರಾ ಓಮ್ ಇದ್ದರೂ ಅಲ್ಲಿ 150 ಪೈಕೋಆಂಪ್ ಸೋರುತ್ತದೆ! ನಾನು ಹುಡುಕುವ ಸಿಗ್ನಲ್‌ಗಿಂತ ಬೆರಳ ಗುರುತೇ ಜಾಸ್ತಿ, ಅಲ್ವಾ?

ಬೋರ್ಡ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿದೆ. ಆಂಪ್ಲಿಫೈಯರ್ ಚಿಪ್‌ನ ಇನ್‌ಪುಟ್ ಕಾಲನ್ನು ಬೋರ್ಡ್‌ನಿಂದ ಎತ್ತಿ ಟೆಫ್ಲಾನ್ ಗೂಟಕ್ಕೆ ಬೆಸೆದೆ. ಸುತ್ತ ಇನ್‌ಪುಟ್‌ನಷ್ಟೇ ವೋಲ್ಟೇಜ್‌ನ ಗಾರ್ಡ್ ರಿಂಗ್, ಅಂದರೆ ಸೋರಿಕೆ ತಡೆಯುವ ಬಳೆ, ಹಾಕಿದೆ. ಈಗ ಕೈಗವಸು ಇಲ್ಲದೆ ಮುಟ್ಟುವುದೇ ಇಲ್ಲ.

ಬ್ಯಾಟರಿ ವಿಷಯದಲ್ಲಿ ನಾನು ಪೆದ್ದನಾದೆ. ದೀಪದ ಕರೆಂಟ್ ಕಡಿಮೆ ಮಾಡಲು ತಿಂಗಳುಗಟ್ಟಲೆ ಒದ್ದಾಡಿದೆ. ಮೀಟರ್ ಹಿಡಿದು ನೋಡಿದರೆ ಹೆಚ್ಚಿನ ಪಾಲು ತಿನ್ನುತ್ತಿದ್ದದ್ದು ಪಂಪ್ ಮತ್ತು ಕಾಲಮ್ ಹೀಟರ್. ಮೊದಲೇ ಅಳೆಯಬೇಕಿತ್ತು.

ಇನ್ನೊಂದು ವಿಷಯ ಉಳಿದಿದೆ. ಟಾಲೂಯಿನ್ ಪೀಕ್‌ನ ಹಿಂದೆ ಉದ್ದ ಬಾಲ ಬರುತ್ತಿತ್ತು. ಸೆಲ್ ಬಿಚ್ಚಿದೆ, ದೀಪದ ಕಿಟಕಿ ಒರೆಸಿದೆ, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಕಂಡದ್ದು ಎರಡು ಸೆಂಟಿಮೀಟರ್ ಸಿಲಿಕೋನ್ ಟ್ಯೂಬ್. ಆವಿಯನ್ನು ಹೀರಿಕೊಂಡು ಮೆಲ್ಲಗೆ ಬಿಡುತ್ತಿತ್ತು. ಕಿತ್ತು ಟೆಫ್ಲಾನ್ ಹಾಕಿದೆ. ಬಾಲ ಹೋಯಿತು.